ನಗುವವರ ಸಾಲಿನಲ್ಲಿ ಅವನೂ

"ನೀವೂ ನಕ್ಕಿರಿ. ನಾ ನೋಡೇನಿ."

ನಾಗಪುರದ ಬಳಿಯ ಕಳಮೇಶ್ವರದ ಕಾರ್ಖಾನೆಯ ಕ್ಯಾಂಟೀನ್ ಬಾಗಿಲಲ್ಲಿ ಧೃತಿ ಶ್ರೀಹರ್ಷನಿಗೆ ಅಡ್ಡ ನಿಂತಿದ್ದಳು. ಉಳಿದವರಿಗೆ ತಿಳಿಯಬಾರದೆಂದು ಕನ್ನಡದಲ್ಲೇ ಹೇಳಿದಳು. ಆದರೂ ಎಲ್ಲರೂ ತಿರುಗಿ ನೋಡಿದರು.

ಐದು ನಿಮಿಷದ ಹಿಂದೆ ವಾನಖೇಡೆ ಎಂಬ ಮೆಷಿನ್ ಆಪರೇಟರ್ ಎದೆ ಸೆಟೆಸಿ, ಕೈ ಬೀಸಿ ಅವಳ ನಡಿಗೆಯನ್ನು ಅಣಕಿಸಿದ್ದ. "ಮೇಡಂ ನಹೀ, ಸಾಹೇಬ್ ಆ ರಹೇ ಹೈ", ಮೇಡಂ ಅಲ್ಲ, ಸಾಹೇಬರು ಬರುತ್ತಿದ್ದಾರೆ, ಎಂದಿದ್ದ. ಆ ವಿಭಾಗದ ಮೊದಲ ಮಹಿಳಾ ಸೂಪರ್‌ವೈಸರ್ ಅವಳು. ಗಂಡಸರು ನಗುವುದು ಹೊಸದಲ್ಲ. ಆದರೆ ಇವತ್ತು ಅವರ ನಡುವೆ ಶ್ರೀಹರ್ಷನೂ ಇದ್ದ.

ಆರು ತಿಂಗಳಿಂದ ನಾಗಪುರದ ಕಂಪನಿ ಬಸ್ಸಿನಲ್ಲಿ ಅವರಿಬ್ಬರೂ ಜೊತೆಗೆ ಕೂತು ಬರುತ್ತಿದ್ದರು. ಅವಳ ಅಪ್ಪ ಗದಗಿನಿಂದ ರೈಲ್ವೆ ಕೆಲಸಕ್ಕೆ ಬಂದವರು, ಅವನ ಅಪ್ಪ ಧಾರವಾಡದಿಂದ. ಎಲ್ಲರೆದುರು ಗಡಸು ದನಿ ತೆಗೆದು ತೆಗೆದು ಸಾಕಾಗಿದೆ ಎಂದು ಅವಳು ಹೇಳಿಕೊಂಡಿದ್ದು ಅವನೊಬ್ಬನ ಬಳಿ.

"ತಮಾಷೆ ಮಾಡಿದ್ರು, ಅಷ್ಟ... ಮನಸ್ಸಿಗೆ ಹಚ್ಕೋಬ್ಯಾಡ್ರಿ," ಎಂದ ಅವನು, ನೆಲ ನೋಡುತ್ತ.

"ನಾಳಿಂದ ನನ್ನ ಬಾಜೂ ಕೂಡಬ್ಯಾಡ್ರಿ."

ಅವನು ಕೂಡಲಿಲ್ಲ. ಬಸ್ಸಿನ ಹಿಂದಿನ ಸೀಟಿಗೆ ಹೋದ. ಅದಕ್ಕೂ ಅವಳಿಗೆ ಸಿಟ್ಟು ಬಂತು.

ಭಾನುವಾರ ಅವಳ ಅವ್ವ ಸತ್ಯಭಾಮಾ ಬಿಡಲಿಲ್ಲ. "ಶ್ರೀಹರ್ಷನ ಅವ್ವಗ ಲಕ್ವಾ ಹೊಡದು ವರ್ಷಾತು. ನನ್ನ ಮೊಣಕಾಲು ಬರೋಬರ್ ಇಲ್ಲ, ನೀನರ ಹೋಗಿ ಮಾತಾಡ್ಸಿ ಬಾ."

ಧೃತಿ ಹೋದಾಗ ಬಾಗಿಲು ತೆರೆದೇ ಇತ್ತು. ಶ್ರೀಹರ್ಷ ತಾಯಿಯ ಹಿಂದೆ ಕೂತು ಜಡೆ ಹೆಣೆಯುತ್ತಿದ್ದ. ಅಂಗಿಯ ತೋಳಿಗೆ ಜೋಳದ ಹಿಟ್ಟು ಮೆತ್ತಿತ್ತು. ಒಲೆಯ ಪಕ್ಕ ರೊಟ್ಟಿಗಳು ಆರುತ್ತಿದ್ದವು. ಕ್ಯಾಂಟೀನಿನಲ್ಲಿ ಅವನ ಡಬ್ಬಿಯಿಂದ ಎಲ್ಲರೂ ಹೊಗಳಿ ತಿನ್ನುವ ರೊಟ್ಟಿ! ವೈನಿ, ಅಂದರೆ ಅಣ್ಣನ ಹೆಂಡತಿ, ಮಾಡುತ್ತಾಳೆ ಎಂದು ಅವನು ಹೇಳುತ್ತಿದ್ದ. ಆ ಮನೆಯಲ್ಲಿ ವೈನಿಯೇ ಇರಲಿಲ್ಲ.

"ನನ್ನ ಮಗಾ ಮಗಳ ಹಂಗ ನೋಡ್ಕೋತಾನವ್ವ," ಎಂದರು ಅವನ ತಾಯಿ ಮಹಾದೇವಮ್ಮ ತೊದಲುತ್ತ.

'ಮಗಳ ಹಂಗ' ಎಂಬ ಮಾತಿಗೆ ಅವನ ಮುಖ ಕಪ್ಪಿಟ್ಟಿತು.

ಅವನು ಚಹಾಕ್ಕಿಡಲು ಎದ್ದು ಹೋದಾಗ ಹಿಂದೆಯೇ ಹೋದ ಅವಳು ಅಡುಗೆಮನೆಯಲ್ಲಿ ತಡೆಯದಾದಳು. ಬಹುವಚನ ಎತ್ತಲೋ ಹೋಗಿತ್ತು.

"ಇಷ್ಟೆಲ್ಲಾ ಮಾಡಾಂವ ಅಲ್ಲಿ ಯಾಕ ನಕ್ಕಿ?"

ಅವನು ತೋಳಿಗೆ ಮೆತ್ತಿದ್ದ ಹಿಟ್ಟು ಒರೆಸಿಕೊಂಡ.

"ಏಳನೇ ಕ್ಲಾಸಿನ್ಯಾಗ ಇದ್ದಾಗ ಅಕ್ಕನ ಜೋಡಿ ಕೂತು ಕೈಗೆ ಮೆಹಂದಿ ಹಾಕ್ಕೊಂಡಿದ್ದೆ. ನನಗ ಚಲೋ ಅನಿಸಿತ್ತು. ಸಾಲಿ ಹುಡುಗ್ರು ನನ್ನ ಹುಡುಗೀರ ಸಂಡಾಸದಾಗ ಹಾಕಿ ಚಿಲಕ ಹಾಕಿದ್ರು. ಹೊರಗ ನಿಂತು ನಕ್ರು... ಅವತ್ತಿಂದ ಯಾರನ್ನ ನೋಡಿ ನಕ್ರೂ ನಾ ಮೊದಲ ನಗ್ತೀನಿ. ಇಲ್ಲಂದ್ರ ಮುಂದಿನ ಪಾಳಿ ನಂದ."

"ಅಂದ್ರ ನಿನ್ನ ಪಾಳಿ ನನಗ ಕೊಟ್ಟಿ."

ಅವನು ಚಹಾ ಸೋಸಿ ಅವಳತ್ತ ಸರಿಸಿದ.

"ನನಗೂ ಹಿಂಗ ಕಲಿಸಿದ್ರು, ಶ್ರೀಹರ್ಷ. ಕಾಲೇಜಿನ್ಯಾಗ ಗೆಳತ್ಯಾರು ಮೆಲ್ಲಕ ನಡಿ ಅಂದ್ರು, ನಡದೆ. ಇಲ್ಲಿ ಮೆಲ್ಲಕ ನಡದ್ರ ಯಾರೂ ಮಾತು ಕೇಳಲಿಲ್ಲ, ಅದನ್ನೂ ಬದಲಿಸಿದೆ. ನನ್ನ ನಡಗಿ ಯಾವ್ದು ಅಂತ ನನಗ ಗೊತ್ತಿಲ್ಲ. ಅದನ್ನ ನೋಡಿ ನೀ ನಕ್ಕಿ."

ಅವಳು ಚಹಾ ಕುಡಿಯದೆ ಹೊರಟಳು. ಬೀದಿಯ ತಿರುವಿಗೆ ಬಂದಾಗ ಅಳು ಒತ್ತರಿಸಿತು. ಅವನ ಮೇಲಿನ ಸಿಟ್ಟೋ, ಆ ಪುಟ್ಟ ಹುಡುಗನ ಮೇಲಿನ ಮರುಕವೋ... ಅವಳಿಗೇ ತಿಳಿಯಲಿಲ್ಲ.

ಮಂಗಳವಾರ ಊಟದ ಹೊತ್ತಿಗೆ ವಾನಖೇಡೆ ಮತ್ತೆ ಎದೆ ಸೆಟೆಸಿ ನಡೆದು ತೋರಿಸಿದ. ಎಲ್ಲರೂ ನಕ್ಕರು. ಧೃತಿ ತಟ್ಟೆಯಿಂದ ತಲೆ ಎತ್ತಲಿಲ್ಲ. ಶ್ರೀಹರ್ಷನ ನಗು ಇನ್ನೊಮ್ಮೆ ಕೇಳಿದರೆ ಈ ಜನ್ಮದಲ್ಲಿ ಅವನ ಮುಖ ನೋಡುವುದಿಲ್ಲ ಎಂದುಕೊಂಡಳು.

ಕುರ್ಚಿ ಸರಿದ ಸದ್ದಾಯಿತು. ಶ್ರೀಹರ್ಷ ಎದ್ದು ನಿಂತಿದ್ದ. ಹಿಂದಿಯಲ್ಲಿ ಅವನು ಹೇಳಿದ್ದು ಇಷ್ಟು: ನೀವು ದಿನಾ ತಿನ್ನುವ ರೊಟ್ಟಿ ತಟ್ಟುವವನು ನಾನು. ಅವ್ವನ ಜಡೆ ಹಾಕುವವನು, ಸೀರೆ ಉಡಿಸುವವನು ನಾನು. ನಗಬೇಕಾದರೆ ನನ್ನನ್ನು ನೋಡಿ ನಗಿ. ಅವಳ ತಂಟೆಗೆ ಹೋಗಬೇಡಿ.

ರೊಟ್ಟಿಯ ಡಬ್ಬಿಯನ್ನು ಮೇಜಿನ ನಡುವೆ ಇಟ್ಟ.

ನಕ್ಕರು. "ಭಾಭೀಜಿ", ಅತ್ತಿಗೆಮ್ಮಾ, ಎಂದು ಎಲ್ಲರೂ ಕೂಗಿದರು. ಅವನು ಅಲುಗಲಿಲ್ಲ. ಕೊನೆಗೆ ನಗು ತಾನಾಗಿ ಸೋತಿತು. ಒಬ್ಬೊಬ್ಬರೇ ಡಬ್ಬಿ ಎತ್ತಿಕೊಂಡು ಬೇರೆ ಮೇಜಿಗೆ ಹೋದರು. ಆ ಉದ್ದನೆಯ ಮೇಜಿನಲ್ಲಿ ಅವನೊಬ್ಬನೇ ಉಳಿದ.

ಧೃತಿ ಹೋಗಿ ಎದುರಿಗೆ ಕೂತಳು.

"ಭಾಳ ತಡಾ ಮಾಡಿದಿ."

"ಹೌದು. ತಪ್ಪಾತು." ಅವನು ಮೊದಲ ಸಲ ಅವಳ ಕಣ್ಣಲ್ಲಿ ಕಣ್ಣಿಟ್ಟ. "ಆರು ತಿಂಗಳಿಂದ ಹೇಳಬೇಕಂತ ಇದ್ದೆ. ಅದಕ್ಕೂ ಹೆದರಿದೆ. ನೀವಂದ್ರ ನನಗ... ಭಾಳ ಪ್ರೀತಿ."

"ನನಗಿನ್ನೂ ಸಿಟ್ಟು ಹೋಗಿಲ್ಲ."

"ಗೊತ್ತೈತ್ರಿ. ಹೋಗೂತನಕಾ ದೂರ ಇರ್ತೀನಿ."

"ದೂರ ಇರು ಅಂತ ಯಾರಂದ್ರು?" ಅವಳ ದನಿ ಒಡೆಯಿತು. "ಸಿಟ್ಟು ನಿನ್ನ ಮ್ಯಾಲ ಐತಿ. ನೀ ಇಲ್ಲಂದ್ರ ಯಾರ ಜೋಡಿ ಜಗಳ ಆಡ್ಲಿ?"