ದುರಗವ್ವ ಹೇಳದ ಹೆಸರು

ಹಿರೇಕೆರೂರಿನಲ್ಲಿ ನಮ್ಮ ಪ್ರಾಜೆಕ್ಟಿಗೆ ಕೊಟ್ಟಿದ್ದ ಕೋಣೆಗೆ ತನುಜಾ ಬಂದ ಮೊದಲ ದಿನವೇ ನಾನು ಜಗಳ ತೆಗೆದೆ. ನನಗೆ ಸಿಟ್ಟು ಮೂಗಿನ ಮೇಲೇ ಇರುತ್ತದೆ. ಓದು ಬಾರದ ರೈತ ಮಹಿಳೆಯರು ಬಾಯಿಮಾತಿನಲ್ಲೇ ಸರ್ಕಾರಕ್ಕೆ ಅರ್ಜಿ ಹಾಕಲಿ ಎಂದು ಆ್ಯಪ್ ಬರೆದವನು ನಾನು. ಅದರ ತಪ್ಪು ಹುಡುಕಲು ಇವಳು ಬಂದಿದ್ದಳು.

"ಕೊಟ್ರೇಶ್ ಸರ, ಆ್ಯಪ್ ಚಲೋ ಐತಿ. ಮಂದಿ ಬಳಸವಲ್ರು, ಅಷ್ಟ."

ಹಾಗನ್ನುವಾಗ ಅವಳ ಎಡಹುಬ್ಬು ಮಾತ್ರ ಮೇಲೇರಿತು. ಆ ಹುಬ್ಬಿನ ಮೇಲೂ ಸಿಟ್ಟು ಬಂತು. ಮಧ್ಯಾಹ್ನ ರೊಟ್ಟಿ ಮುರಿಯುವಾಗ ಅದೇ ಹುಬ್ಬು ನೆನಪಾಯಿತು.

ಹತ್ತು ಹೆಂಗಸರಲ್ಲಿ ಏಳು ಮಂದಿ ನಾಲ್ಕನೇ ಪ್ರಶ್ನೆಗೇ ನಿಂತುಬಿಡುತ್ತಿದ್ದರು. ಫೋನಿಗೆ ಅವರ ದನಿ ತಿಳಿಯುತ್ತಿಲ್ಲ ಎಂದುಕೊಂಡು ಎರಡು ವಾರ ಅದನ್ನೇ ತಿದ್ದಿದೆ. ಶುಕ್ರವಾರ ಹಾವೇರಿಯಿಂದ ಪ್ರಾಜೆಕ್ಟಿನ ಮುಖ್ಯಸ್ಥೆ ಮೇಡಂ ನೋಡಲು ಬರುವವರಿದ್ದರು. ಅಂದೂ ಹೀಗೇ ಆದರೆ ಆ್ಯಪ್ ಮುಚ್ಚುತ್ತದೆ, ತನುಜಾಳ ಗುತ್ತಿಗೆ ಕೆಲಸವೂ ಮುಗಿಯುತ್ತದೆ. ಆ್ಯಪ್ ಹೋದರೆ ಇನ್ನೊಂದು ಬರೆದೇನು. ಅವಳು ಹೋಗುವುದು ಮಾತ್ರ ನನಗೆ ಬೇಡವಾಗಿತ್ತು.

"ಲ್ಯಾಪ್‌ಟಾಪ್ ಮುಚ್ಚರಿ," ಅಂದಳು ತನುಜಾ. "ನನ್ನ ಕೂಡ ಚಿಕ್ಕೇರೂರಿಗೆ ಬರ್ರಿ. ಬಾಯಿನೂ ಮುಚ್ಚಿ ಕುಂತ್ರ ಇನ್ನೂ ಚಲೋ."

ಚಿಕ್ಕೇರೂರಿನಲ್ಲಿ ದುರಗವ್ವ ಗೋವಿನಜೋಳ ಬಿಡಿಸುತ್ತ ಕೂತಿದ್ದರು. ಮೂರು ಪ್ರಶ್ನೆಗೆ ಗಟ್ಟಿಯಾಗಿ ಉತ್ತರ ಕೊಟ್ಟರು. ನಾಲ್ಕನೆಯದಕ್ಕೆ ಫೋನು ಕೇಳಿತು, "ನಿಮ್ಮ ಗಂಡನ ಹೆಸರು ಹೇಳಿ." ದುರಗವ್ವ ಬಾಯಿಗೆ ಸೆರಗು ಹಿಡಿದು ನಕ್ಕರು. ಹೇಳಿಕೊಡಲು ನಾನು ಬಾಯಿ ತೆರೆದೆ. ತನುಜಾ ನನ್ನ ತೋಳು ಜಗ್ಗಿದಳು.

"ಅವರ ಹೆಸರು ಹೆಂಗ ಹೇಳ್ಲಿ, ಯವ್ವಾ?" ಅಂದರು ದುರಗವ್ವ. "ಲಗ್ನಾಗಿ ನಲವತ್ತ ವರ್ಷ ಆತು. ಒಮ್ಮೆನೂ ಹೇಳಿಲ್ಲ."

ನನ್ನ ಅವ್ವನೂ ಅಪ್ಪನನ್ನು 'ಇವರು' ಅನ್ನುತ್ತಾಳೆಯೇ ಹೊರತು ಹೆಸರು ಹೇಳುವುದಿಲ್ಲ. ಹುಟ್ಟಿದಾಗಿನಿಂದ ಕೇಳಿದ್ದೇನೆ, ಆದರೂ ಹೊಳೆದಿರಲಿಲ್ಲ. ಥೂ, ನನ್ನ ಬುದ್ಧಿಗಿಷ್ಟು.

ಮೂರು ದಿನ ಒಂದೇ ಮೇಜಿಗೆ ಎದುರುಬದುರು ಕೂತೆವು. ಅವಳು ಕಾಗದದ ಮೇಲೆ ಗೀಚುವುದು, ನಾನು ಕೋಡ್ ಬರೆಯುವುದು. ಇನ್ನು ಹೆಂಗಸರು ಹೆಸರು ಹೇಳಬೇಕಿಲ್ಲ. ರೇಷನ್ ಕಾರ್ಡಿನ ಹೆಸರುಗಳನ್ನು ಫೋನೇ ಓದುತ್ತದೆ, ತಮ್ಮವರದು ಬಂದಾಗ ಮುಟ್ಟಿದರಾಯಿತು.

"ನನ್ನ ಮಾರಿ ನೋಡಿದ್ದು ಸಾಕ್ರಿ, ಕೊಟ್ರೇಶ್ ಸರ. ಬಟನ್ ದೊಡ್ಡದು ಮಾಡ್ರಿ."

ಮಾಡಿದೆ. ನೋಡುವುದನ್ನು ಬಿಡಲಿಲ್ಲ.

ಶುಕ್ರವಾರ ನಮ್ಮ ಕೋಣೆಯಲ್ಲಿ ಮೇಡಂ ಎದುರು ಫೋನು "ಉಳಿವೆಪ್ಪ" ಅಂದಿತು. ದುರಗವ್ವ ನಾಚಿಕೊಂಡೇ ಬೆರಳಿಟ್ಟರು. ಅರ್ಜಿ ಹೋಯಿತು. ಹತ್ತಕ್ಕೆ ಹತ್ತೂ ಹೋದವು.

"ಈ ವಿಚಾರ ಯಾರದು?" ಮೇಡಂ ಕೇಳಿದರು.

"ತನುಜಾ ಅವರದ್ರಿ," ಅಂದೆ. "ನಾ ಬರೇ ಕೋಡ್ ಬರದೇನಿ."

"ಒಬ್ಬಾಕಿ ಕೈಲೆ ಆಗತಿರಲಿಲ್ರಿ ಮೇಡಂ," ಅಂದಳು ತನುಜಾ. "ಕಟ್ಟಿದವರು…" ನನ್ನ ಕಡೆ ನೋಡಿ ತಡೆದಳು. "ಇವರ್ರಿ."

ದುರಗವ್ವ ಮತ್ತೆ ಬಾಯಿಗೆ ಸೆರಗು ಹಿಡಿದರು.

"ಶಿಗ್ಗಾವಿ, ಸವಣೂರು, ಹಾನಗಲ್ಲಿಗೂ ಇದನ್ನ ಒಯ್ಯಿರಿ," ಅಂದರು ಮೇಡಂ. "ನೀವಿಬ್ಬರೇ ಒಯ್ಯಬೇಕು."

ಖುಷಿಗೆ ನನ್ನ ಕಾಲು ನೆಲದ ಮೇಲಿರಲಿಲ್ಲ. ಹೊರಗೆ ಬಂದೊಡನೆ ಕೇಳಿದೆ, "ಒಳಗ ನನ್ನ ಹೆಸರು ಯಾಕ ಹೇಳಲಿಲ್ಲ?"

ಈ ಸಲ ಹುಬ್ಬು ಏರಲಿಲ್ಲ. ಕಿವಿ ಕೆಂಪಾಯಿತು. "ಬಾಯಿಗೆ ಬರಲಿಲ್ರಿ."

"ತನುಜಾ, ನೀವಂದ್ರ ನನಗ ಜೀವ. ನನ್ನ ಲಗ್ನ ಆಗ್ತೀರೇನು?"

ಅವಳು ಆ್ಯಪ್ ಪರೀಕ್ಷಿಸುವ ಫೋನನ್ನು ತೆರೆದಳು. ನಾನೇ ತುಂಬಿದ್ದ ಸುಳ್ಳು ಹೆಸರುಗಳ ಪಟ್ಟಿ ಅದರಲ್ಲಿತ್ತು, ಕೊನೆಯದೊಂದು ನನ್ನದು.

"ನಿಮ್ಮ ಗಂಡನ ಹೆಸರು ಬಂದಾಗ ಮುಟ್ಟಿ," ಅಂದಿತು ಫೋನು. "ಆನಂದ."

ಅವಳು ಮುಟ್ಟಲಿಲ್ಲ.

"ಸಾಗರ."

ಅದನ್ನೂ ಮುಟ್ಟಲಿಲ್ಲ.

"ಕೊಟ್ರೇಶ."

ತನುಜಾ ಮುಟ್ಟಿದಳು.