ಅಕ್ಕ ಎತ್ತಿದ ಹುಬ್ಬು

"ಏನೂ ಆಗಲ್ಲ ಕಣೋ... ಇನ್ನೊಂದು ಸಣ್ಣ ಇಂಜೆಕ್ಷನ್, ಅಷ್ಟೇ!"

ಅಕ್ಕ ನಗುತ್ತಲೇ ಹೇಳಿದಳು. ಮಾತಿನಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ.

ಆದರೂ ಅವಳ ಕ್ಲಿನಿಕ್ಕಿನ ಕುರ್ಚಿಯಲ್ಲಿ ಒರಗಿದ್ದ ನಾನು ಅವಳನ್ನು ದಿಟ್ಟಿಸಿ ನೋಡಿದೆ!

ಅಕ್ಕ ಡೆಂಟಿಸ್ಟ್. ನಾನು ಪ್ರೈವೇಟ್ ಡಿಟೆಕ್ಟಿವ್. ಬಾಯಿ ಬಿಟ್ಟವರ ಹಲ್ಲು ನೋಡುವುದು ಅವಳ ಕಸುಬು. ಬಾಯಿ ಬಿಡದವರ ಕಣ್ಣು, ಕೈ, ಕಾಲು ನೋಡುವುದು ನನ್ನದು.

ಔಷಧಿ ತರಲೆಂದು ಹಿಂದಿನ ರೂಮಿಗೆ ಹೋಗಿದ್ದವಳು ಬೇರೆಯೇ ಹೆಂಗಸಾಗಿ ಬಂದಿದ್ದಳು. ತುಟಿ ನಗುತ್ತಿತ್ತು, ಕಣ್ಣು ನಗುತ್ತಿರಲಿಲ್ಲ. ಯಾವಾಗಲೂ ಮೈಮೇಲೆ ಬಿದ್ದು ಹಲ್ಲು ಕೀಳುವವಳು ಈಗ ಮಾರು ದೂರ ನಿಂತಿದ್ದಳು. ಆ ರೂಮಿನ ಕಡೆಯ ಹೆಗಲು ಮಾತ್ರ ಏಟು ಬೀಳುತ್ತದೇನೋ ಎಂಬಂತೆ ಮುದುಡಿತ್ತು.

ರೂಮಿನ ಬಾಗಿಲು ಬೆರಳಗಲ ತೆರೆದಿತ್ತು...

ಒಳಗೆ ಯಾರೋ ಇದ್ದಾರೆ!

ಕೇಳೋಣವೆಂದರೆ ನನ್ನ ಬಾಯಿ ತುಂಬಾ ಹತ್ತಿ. ಅರ್ಧ ಮುಖ ಮರಗಟ್ಟಿತ್ತು. ಬಾಗಿಲ ಕಡೆ ಕಣ್ಣು ಹೊರಳಿಸಿ ಮತ್ತೆ ಅವಳನ್ನು ನೋಡಿದೆ.

ಅಕ್ಕ ಎಡಹುಬ್ಬು ಎತ್ತಿದಳು.

ನಾನು ಹುಟ್ಟಿದಾಗಿನಿಂದ ಆ ಹುಬ್ಬಿಗೆ ಒಂದೇ ಅರ್ಥ. ಸುಮ್ಮನೆ ಹೇಳಿದ ಹಾಗೆ ಕೇಳು!

ಸೂಜಿ ಬಾಯಿಗೆ ಬಂತು. ಮಂಪರಿನ ಔಷಧಿಯೆಲ್ಲ ಹತ್ತಿಗೆ ಹೋಯಿತು! ಅವಳ ಹೆಬ್ಬೆರಳು ನನ್ನ ರೆಪ್ಪೆಗಳನ್ನು ಮೆಲ್ಲಗೆ ಕೆಳಕ್ಕೆ ಸವರಿತು.

ಕಣ್ಣು ಮುಚ್ಚಿದೆ. ಕೈ ಜೋತುಬಿಟ್ಟೆ. ಇರಲಿ ಎಂದು ಒಂದು ಗೊರಕೆಯನ್ನೂ ಹೊಡೆದೆ.

ಅಕ್ಕ ತೋಳು ಚಿವುಟಿದಳು. ಅತಿಯಾಯಿತಂತೆ!

ಬಾಗಿಲು ಕಿರುಗುಟ್ಟಿತು.

"ಮಲಗಿದ್ನಾ ಡಾಕ್ಟರಮ್ಮ?"

ಆ ದನಿ ಬ್ಲೇಡು ಎಂಬ ಅಡ್ಡಹೆಸರಿನವನದು! ನಾನೇ ಹಿಡಿದು ಜೈಲಿಗೆ ಕಳಿಸಿದ್ದ ಕಳ್ಳ. ನನ್ನ ಕಿವಿಯ ಪಕ್ಕದಲ್ಲೇ ಪಿಸ್ತೂಲು ಕ್ಲಿಕ್ ಎಂದಿತು.

"ಹಿಂದುಗಡೆ ಕಾರಿದೆ. ನಿಮ್ಮ ತಮ್ಮನ್ನ ಒಂದು ರೌಂಡ್ ಕರ್ಕೊಂಡು ಹೋಗ್ತೀನಿ. ವಾಪಸ್ ಕರ್ಕೊಂಡು ಬರಲ್ಲ. ಕೂಗಿದ್ರೋ..."

"ಕೂಗಲ್ಲಪ್ಪ."

ಅವನು ನನ್ನನ್ನು ಎತ್ತಲು ಬಗ್ಗಿದ. ಅಕ್ಕನ ಬೆರಳು ನನ್ನ ಹೆಗಲನ್ನು ಒತ್ತಿತು.

ಈಗ!

ಪಿಸ್ತೂಲಿದ್ದ ಅವನ ಮಣಿಕಟ್ಟು ಹಿಡಿದು ಮೇಲೆತ್ತಿದೆ. ಢಂ! ಗುಂಡು ಸೀಲಿಂಗಿಗೆ. ನನ್ನ ಹಣೆ ಅವನ ಮೂಗಿಗೆ. ಅಕ್ಕನ ಸ್ಟೀಲ್ ಟ್ರೇ ಅವನ ನೆತ್ತಿಗೆ... ಇಕ್ಕಳಗಳೆಲ್ಲ ಚೆಲ್ಲಾಪಿಲ್ಲಿ!

ಬ್ಲೇಡು ಮಲಗಿಬಿಟ್ಟ. ಅವನದು ನಿಜವಾದ ಗೊರಕೆ.

ಇನ್ಸ್‌ಪೆಕ್ಟರ್ ಬಂದ. ಎಲ್ಲವನ್ನೂ ಕೇಳಿಸಿಕೊಂಡ. ತಲೆ ಕೆರೆದುಕೊಂಡ.

"ಒಳಗೆ ಇವನಿದಾನೆ ಅಂತ ನಿಮ್ಮಕ್ಕ ಹೇಗೆ ಹೇಳಿದ್ರು?"

"ಏನೂ ಹೇಳ್ಲಿಲ್ಲ ಸಾರ್."

"ಮತ್ತೆ ಹೇಗ್ರೀ ಗೊತ್ತಾಯ್ತು?"

ಮರಗಟ್ಟಿದ ಸೊಟ್ಟ ಬಾಯಲ್ಲೇ ಕೇಳಿದೆ.

"ನಿಮಗೆ ಅಕ್ಕ ಇದಾರಾ ಸಾರ್?"

ಅವನ ಕೈ ತಾನಾಗಿಯೇ ಹೋಗಿ, ಎಂದೋ ಹಿಂಡಿಸಿಕೊಂಡಿದ್ದ ಕಿವಿಯನ್ನು ಸವರಿಕೊಂಡಿತು!