ಉಳದೆ ಬಿಟ್ಟ ಇಪ್ಪತ್ತು ಹೆಜ್ಜೆ

ಹುಲ್ಲುಗಾವಲಿನ ನೆಲದಲ್ಲಿ ಬಿಲ ಮಾಡಿಕೊಂಡು ಬಾಳುವ ಗೂಬೆಗಳು ಬಿಲದ ಬಾಯಲ್ಲಿ ತಂದು ಹರಡಿದ್ದ ಸಗಣಿಯನ್ನು ಯಾರೋ ಮೂರನೇ ಸಲ ಗುಡಿಸಿ ಹಾಕಿದ್ದರು. ಮರುದಿನ ಬೆಳಕು ಹರಿಯುತ್ತಿದ್ದಂತೆ ನೇಲಿದಾ ಬಂದು ಹುಲ್ಲಿನ ಮರೆಯಲ್ಲಿ ಕೂತಳು. ಕಳ್ಳ ಸಲಿಕೆ ಸಮೇತ ಸಿಕ್ಕಿಬಿದ್ದ. ಆ ಜಮೀನಿನ ಟ್ರ್ಯಾಕ್ಟರ್ ಓಡಿಸುವ ಫರ್ಮಿನ್.

“ಏನ್ರೀ ಮಾಡ್ತಿದ್ದೀರಾ?”

ಅವನ ಕಿವಿ ಕೆಂಪಗಾಯಿತು. “ನೀವು ದಿನಾ ಫೋಟೊ ತೆಗೀತೀರಲ್ಲ, ಟೀಚರ್. ಗಲೀಜು ಕಾಣಬಾರದು ಅಂತ.”

ಬೈಯಲೆಂದು ಬಂದಿದ್ದ ನೇಲಿದಾ ಗುಡಿಸಿ ಹಾಕಿದ್ದ ಸಗಣಿಯ ಕಡೆ ಬೆರಳು ತೋರಿದಳು. ಆ ವಾಸನೆಗೆ ಜೀರುಂಡೆಗಳು ಬರುತ್ತವೆ, ಅದೇ ಮರಿಗಳ ಊಟ ಎಂದು ತಿಳಿಸಿದಳು. ಅವನು ಗುಡಿಸಿದ್ದನ್ನೆಲ್ಲ ಬೊಗಸೆಯಲ್ಲಿ ಹೊತ್ತು ತಂದು ಮತ್ತೆ ಹರಡಿದ.

ಶಾಲೆಗೆ ಬೇಸಿಗೆ ರಜೆ. ಗೂಬೆ ಸಂಸಾರವೊಂದು ಮರಿಗಳಿಗೆ ಏನೇನು ತಿನ್ನಿಸುತ್ತದೆ ಎಂಬುದನ್ನು ಮೊದಲಿನಿಂದ ಕೊನೆಯವರೆಗೂ ಫೋಟೊ ತೆಗೆದೇ ತೀರುವುದೆಂದು ನೇಲಿದಾ ಹಟ ಹಿಡಿದಿದ್ದಳು. ಕೆಲಸಕ್ಕೆ ಹೋಗುವ ಮುಂಚೆ ಫರ್ಮಿನ್ ದಿನಾ ಬಂದು ಪಕ್ಕದಲ್ಲಿ ಕೂರತೊಡಗಿದ. ಗಂಡು ಗೂಬೆ ಇಲಿ ತರುತ್ತಿತ್ತು. ಹೆಣ್ಣು ಅದನ್ನು ಸಿಗಿದು ಐದು ಬಾಯಿಗೂ ಇಡುತ್ತಿತ್ತು. ತೀರಾ ಚಿಕ್ಕ ಮರಿಗೆ ತುತ್ತು ಸಿಕ್ಕಿತೆಂದರೆ ಫರ್ಮಿನ್ ಅವಳ ಕಡೆ ತಿರುಗಿ ನಗುತ್ತಿದ್ದ. ಅವಳು ಕ್ಯಾಮೆರಾದಿಂದ ಕಣ್ಣು ತೆಗೆಯದೆಯೇ ಅದನ್ನು ಬಲ್ಲಳು.

ಒಂದು ಶನಿವಾರ ಅವನು ನಗಲಿಲ್ಲ. ಸೋಮವಾರ ಈ ಹುಲ್ಲುಗಾವಲನ್ನೆಲ್ಲ ಉಳಬೇಕೆಂದು ಯಜಮಾನರ ಅಪ್ಪಣೆಯಾಗಿತ್ತು.

ನೇಲಿದಾ ನೇರ ಯಜಮಾನರ ಮನೆಗೆ ಹೋದಳು. ಮರಿಗಳು ಹಾರುವವರೆಗೆ ಮೂರು ವಾರ ಕೊಡಿ ಎಂದು ಕೇಳಿದಳು. ಹಕ್ಕಿಗೋಸ್ಕರ ಸೋಯಾ ಬಿತ್ತನೆ ಕಾಯುವುದಿಲ್ಲ ಎಂದರು ಅವರು.

ಸೋಮವಾರ ಅವಳು ಬಿಲದ ಮುಂದೆ ಕುರ್ಚಿ ಹಾಕಿಕೊಂಡು ಕೂತಳು. ಟ್ರ್ಯಾಕ್ಟರ್ ಬಂದು ನಿಂತಿತು.

“ಏಳಲ್ಲ,” ಎಂದಳು.

“ಏಳಬೇಡಿ,” ಎಂದ ಫರ್ಮಿನ್.

ಬಿಲದ ಸುತ್ತ ಇಪ್ಪತ್ತು ಹೆಜ್ಜೆ ಹುಲ್ಲು ಬಿಟ್ಟು, ಉಳಿದ ಬಯಲನ್ನೆಲ್ಲ ಉತ್ತ. ಸಂಜೆಯೇ ಯಜಮಾನರು ಅವನಿಂದ ಟ್ರ್ಯಾಕ್ಟರ್ ಕಿತ್ತುಕೊಂಡು, ನಲವತ್ತು ಕಿಲೋಮೀಟರ್ ಆಚೆಯ ಹಾಲು ಕರೆಯುವ ಕೊಟ್ಟಿಗೆಗೆ ಅಟ್ಟಿದರು. ಬಿಟ್ಟ ಹುಲ್ಲನ್ನು ಮತ್ತೆ ಉಳುವ ಗೋಜಿಗೆ ಯಾರೂ ಹೋಗಲಿಲ್ಲ.

ಮೂರು ವಾರ ನೇಲಿದಾ ಒಬ್ಬಳೇ ಕೂತಳು. ಚಿಕ್ಕ ಮರಿಗೆ ತುತ್ತು ಸಿಕ್ಕಾಗಲೆಲ್ಲ ಪಕ್ಕಕ್ಕೆ ತಿರುಗಿ ನೋಡಿ, ಮತ್ತೆ ಕ್ಯಾಮೆರಾಕ್ಕೆ ಕಣ್ಣಿಟ್ಟಳು. ಕೊನೆಗೆ ಐದೂ ಹಾರಿದವು. ಅದೇ ಬೆಳಿಗ್ಗೆ ಕ್ಯಾಮೆರಾ ಮನೆಯಲ್ಲಿಟ್ಟು, ಆ ಕೊಟ್ಟಿಗೆಯ ಕಡೆ ಹೋಗುವ ವ್ಯಾನು ಹತ್ತಿದಳು.

ಫರ್ಮಿನ್ ಹಾಲಿನ ಕ್ಯಾನು ತೊಳೆಯುತ್ತಿದ್ದ. ಅವಳನ್ನು ಕಂಡವನೇ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡ.

“ಹಾರಿದ್ವಾ?”

“ಐದೂ.”

“ಮತ್ತೆ ಇಷ್ಟು ದೂರ? ಇಲ್ಲಿ ಗೂಬೆ ಇಲ್ವಲ್ಲ, ಟೀಚರ್.”

“ಇದೆ,” ಎಂದಳು ನೇಲಿದಾ. “ನನ್ನೆದುರಿಗೇ ನಿಂತಿದೆ. ಇಷ್ಟು ದಿನ ಪಕ್ಕದಲ್ಲೇ ಕೂತಿದ್ರೂ ಬಾಯಿಬಿಟ್ಟು ಮನಸ್ಸಿನ ಮಾತು ಹೇಳಲಿಲ್ಲ.”

ಆ ಮಾತನ್ನು ಅವನು ಆಗ ಹೇಳಿದ, ತಡವರಿಸುತ್ತಾ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಅಂಗಿಯ ತೋಳು ಮಡಚಿ, ಉಳಿದ ಕ್ಯಾನುಗಳನ್ನು ತೊಳೆಯಲು ಅವನ ಪಕ್ಕದಲ್ಲಿ ಕೂತಳು.